ರಿಟರ್ನ್ ಪೈಪ್ ಅರ್ಧ ಇಂಚು ಹಾಕಬೇಡಿ ಸರ್, ನಾನು ಹಾಕಿ ಅನುಭವಿಸಿದ್ದೇನೆ

ಸರ್, ಮಣ್ಣಿಲ್ಲದೆ ಗೊಬ್ಬರ ಬೆರೆಸಿದ ನೀರಿನಲ್ಲೇ ಗಿಡ ಬೆಳೆಸಲು (ಹೈಡ್ರೋಪೋನಿಕ್ಸ್) ನೀವು ಗುಂಪಿನಲ್ಲಿ ಹಾಕಿದ ಪ್ಲಾನ್ ಚಿತ್ರ ನೋಡಿದೆ. ಒಳಗೆ ಲೈಟು ಹಾಕಿ ಗಿಡ ಬೆಳೆಸುವ 4×2 ಅಡಿಯ ಟೆಂಟು, ಅದರೊಳಗೆ 20 ಲೀಟರಿನ ನಾಲ್ಕು ಬಕೆಟ್, ನೀರು ಬಕೆಟ್ಟಿಂದ ಬಕೆಟ್ಟಿಗೆ ಹರಿದು ವಾಪಸ್ ಬರಲು ಅರ್ಧ ಇಂಚಿನ ರಿಟರ್ನ್ ಪೈಪು, ಕೊನೆಗೆ ಪಂಪಿಗೆ ನೀರು ಕೊಡುವ 15 ಲೀಟರ್ ರಿಸರ್ವಾಯರ್ (ನೀರಿನ ತೊಟ್ಟಿ), ಅದಕ್ಕೆ ಮೇಲಿನ ಟ್ಯಾಂಕಿನ ಲೈನಿಂದ ನೇರವಾಗಿ ಫ್ಲೋಟ್ ವಾಲ್ವ್, ಅಂದರೆ ಮಟ್ಟ ಇಳಿದರೆ ತಾನೇ ನೀರು ಬಿಡುವ ವಾಲ್ವು. ಬೆಳೆ ಲೆಟ್ಯೂಸ್, ಬೇಸಿಲ್, ಪುದೀನ, ಚೆರ್ರಿ ಟೊಮೆಟೊ. ಲೈಟು, ಫ್ಯಾನಿನ ಬಗ್ಗೆ ಮೇಲೆ ಎಲ್ಲರೂ ಹೇಳಿದ್ದಾರೆ. ಪೈಪಿನ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲ. ನನಗೆ ಮಾತ್ರ ಆ ಚಿತ್ರ ನೋಡಿ ಎದೆ ಧಸಕ್ ಅಂತು. ನಾಲ್ಕು ವರ್ಷದ ಹಿಂದೆ ನಾನು ಕಟ್ಟಿದ್ದು ಹೆಚ್ಚುಕಮ್ಮಿ ಇದನ್ನೇ.

ಆಗ ನಾವು ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ಮೂರು ಬಕೆಟ್, ಅರ್ಧ ಇಂಚಿನ ಪೈಪು, ಗ್ರಾಮೆಟ್ (ತೂತಿಗೆ ಕೂರಿಸುವ ರಬ್ಬರ್ ಉಂಗುರ) ಹಾಕಿ ಒಂದು ತೊಟ್ಟೂ ಸೋರದ ಹಾಗೆ ಮಾಡಿದ್ದೆ. ಒಂದು ತಿಂಗಳು ಬಹಳ ಚೆನ್ನಾಗಿ ನಡೆಯಿತು. ಮೂರನೇ ಬಕೆಟ್ಟಿನಲ್ಲಿ ಪುದೀನ ಇತ್ತು. ಪುದೀನದ ಬೇರು ಗೊತ್ತಲ್ವಾ, ಸಂದಿ ಸಿಕ್ಕರೆ ಸಾಕು. ಒಂದು ದಿನ ಬೆಳಗ್ಗೆ ಐದೂವರೆಗೆ ಕೆಳಗಿನ ಮನೆ ಆಂಟಿ ಬಾಗಿಲು ಬಡಿದರು. "ನಲ್ಲಿ ಬಿಟ್ಟು ಮಲಗಿದ್ದೀರಾ? ನಮ್ಮ ದೇವರ ಮನೇಲಿ ತೊಟ್ಟಿಕ್ತಾ ಇದೆ." ರೂಮಿಗೆ ಕಾಲಿಟ್ಟರೆ ಚಪ್ಪಲಿ ತೇಲುತ್ತಿತ್ತು.

ಆಗಿದ್ದು ಇಷ್ಟು. ಪುದೀನದ ಬೇರು ರಿಟರ್ನ್ ಪೈಪಿನೊಳಗೆ ಹೋಗಿ ದಾರಿ ಮುಚ್ಚಿತ್ತು. ಪಂಪಿಗೆ ಅದೆಲ್ಲಿ ಗೊತ್ತಾಗಬೇಕು, ರಿಸರ್ವಾಯರಿನ ನೀರನ್ನು ಮೊದಲ ಬಕೆಟ್ಟಿಗೆ ತಳ್ಳುತ್ತಲೇ ಇತ್ತು. ಬಕೆಟ್ಟುಗಳು ತುಂಬಿ ಗಿಡ ಕೂರಿಸುವ ಜಾಲರಿ ಕುಂಡದ, ಅಂದರೆ ನೆಟ್ ಪಾಟಿನ ಅಂಚಿನಿಂದ ಉಕ್ಕಿದವು. ಇತ್ತ ರಿಸರ್ವಾಯರಿನಲ್ಲಿ ಮಟ್ಟ ಇಳಿಯಿತು. ಇಳಿದ ಕೂಡಲೇ ಫ್ಲೋಟ್ ವಾಲ್ವ್ ತನ್ನ ಕೆಲಸ ಮಾಡಿತು, ಪಕ್ಕದ 100 ಲೀಟರ್ ಡ್ರಮ್ಮಿನಿಂದ ಹೊಸ ನೀರು ಬಿಟ್ಟಿತು. ಪಂಪು ಅದನ್ನೂ ಎತ್ತಿ ಬಕೆಟ್ಟಿಗೆ ಹಾಕಿತು. ಹೀಗೆ ಡ್ರಮ್ಮು ಪೂರ್ತಿ ಖಾಲಿ. ಕೊನೆಗೆ ಪಂಪು ಒಣಗಿ ಸುಟ್ಟುಹೋಯಿತು. ನನ್ನದು ಡ್ರಮ್ಮು, 100 ಲೀಟರಿಗೆ ಮುಗಿಯಿತು. ನಿಮ್ಮದು ಮೇಲಿನ ಟ್ಯಾಂಕು!

ಆಮೇಲೆ ಪೈಪು ಬಿಚ್ಚಿ ಬೇರು ಎಳೆದೆ. ಒದ್ದೆ ಹಗ್ಗದ ಹಾಗೆ ಬಂತು, ಮೊಳದುದ್ದ, ಬೆಳ್ಳಗೆ, ಒಂದೇ ಒಂದು ಕೊಳೆತ ಎಳೆ ಇಲ್ಲ. ಎಲ್ಬೋ ಇದ್ದ ಜಾಗದಲ್ಲಿ ಬೇರು ಎಲ್ಬೋದ ಆಕಾರಕ್ಕೇ ಮಡಚಿಕೊಂಡಿತ್ತು, ನೆಲದ ಮೇಲೆ ಇಟ್ಟರೂ ನೆಟ್ಟಗಾಗಲಿಲ್ಲ. ಗಿಡ ಅಷ್ಟು ಆರೋಗ್ಯವಾಗಿತ್ತು, ಅದೇ ಹೊಟ್ಟೆ ಉರಿ. ಕೆಳಗಿನ ಮನೆಯ ಸೀಲಿಂಗಿಗೆ ಸುಣ್ಣ ಬಣ್ಣ ಮಾಡಿಸಿಕೊಟ್ಟೆ. ಗೊಬ್ಬರದ ಉಪ್ಪು ಕರಗಿದ ನೀರಲ್ವಾ, ಬಣ್ಣದ ಮೇಲೂ ಬಿಳಿ ಕಲೆ ಮತ್ತೆ ಎದ್ದು ಬಂತು, ಎರಡನೇ ಸಲ ಬಳಿಸಬೇಕಾಯಿತು.

ಟೆಂಟಿನ ತಳದ ಟ್ರೇ ಹಿಡಿದುಕೊಳ್ಳುತ್ತದೆ ಅಂತ ನಂಬಬೇಡಿ. 120×60 ಸೆಂಟಿಮೀಟರ್ ತಳದಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ 7.2 ಲೀಟರ್. ಅಂಚು ಐದು ಸೆಂಟಿಮೀಟರ್ ಎದ್ದಿದ್ದರೆ 36 ಲೀಟರ್. ಅದೂ ನೆಲ ಸಮವಾಗಿದ್ದರೆ, ಅಂಚು ಬಾಗದಿದ್ದರೆ.

ಈಗ ಏನು ಮಾಡಬೇಕು ಅಂದರೆ, ಪಂಪಿನಿಂದ ಹೋಗುವ ಪೈಪು ಅರ್ಧ ಇಂಚೇ ಇರಲಿ, ಅಲ್ಲಿ ಒತ್ತಡ ಇದೆ. ಬಕೆಟ್ಟಿಂದ ಬಕೆಟ್ಟಿಗೆ ಮಾತ್ರ ಎರಡು ಇಂಚು, ಅಂದರೆ ಅಂಗಡಿಯಲ್ಲಿ 63 ಎಂಎಂ ಅಂತ ಕೇಳಿ. ಅಲ್ಲಿ ನೀರನ್ನು ಯಾರೂ ತಳ್ಳುವುದಿಲ್ಲ, ಎರಡು ಬಕೆಟ್ಟಿನ ಮಟ್ಟದ ವ್ಯತ್ಯಾಸವೇ ತಳ್ಳಬೇಕು. ಪೈಪು ಚಿಕ್ಕದಾದಷ್ಟೂ ಆ ವ್ಯತ್ಯಾಸ ಜಾಸ್ತಿ ಬೇಕು. ಬೇರು ಬರುವ ಮೊದಲೇ ಪಂಪಿನ ಪಕ್ಕದ ಬಕೆಟ್ಟು ತುಂಬಿ, ಕೊನೆಯದು ಇಳಿದಿರುತ್ತದೆ. "ಒಂದು ಇಂಚು ಸಾಕು" ಅಂತ ಕೆಲವರು ಹೇಳುತ್ತಾರೆ. ನೀರಿಗೆ ಸಾಕು ಸರ್, ಬೇರಿಗೆ ಸಾಲದು. ಗ್ರಾಮೆಟ್ ಬಿಟ್ಟು ಟ್ಯಾಂಕ್ ನಿಪ್ಪಲ್ (ತೂತಿನಲ್ಲಿ ನಟ್ಟಿನಿಂದ ಬಿಗಿಯುವ ಥ್ರೆಡ್ ಜೋಡಣೆ) ಹಾಕಿ, ವಾಷರ್ ಒಳಗಡೆ ಇರಲಿ. ನಡುವೆ ಒಂದೆರಡು ಯೂನಿಯನ್ ಕೊಡಿ, ಬಿಚ್ಚಿ ಬೇರು ತೆಗೆಯಲು. ಎಲ್ಲಾ ಕಡೆ ಸಾಲ್ವೆಂಟ್ ಹಾಕಿ ಅಂಟಿಸಿಬಿಟ್ಟರೆ ಆಮೇಲೆ ಹ್ಯಾಕ್ಸಾ ಹಿಡಿಯಬೇಕು. ಎಂ-ಸೀಲ್ ಬೇಡ. ನೀರು ತುಂಬಿದ ಬಕೆಟ್ಟು ಸ್ವಲ್ಪ ಉಬ್ಬುತ್ತದೆ, ಅದು ಬಿಟ್ಟುಕೊಳ್ಳುತ್ತದೆ.

ಫ್ಲೋಟ್ ವಾಲ್ವ್ ಬೇಕೇ ಬೇಕು ಅಂದರೆ 20 ಲೀಟರಿನ ಕುಡಿಯುವ ನೀರಿನ ಕ್ಯಾನಿಗೆ ಜೋಡಿಸಿ. ಏನೇ ಕೆಟ್ಟರೂ ಹೊಸದಾಗಿ ಒಳಗೆ ಬರುವುದು 20 ಲೀಟರ್ ಮಾತ್ರ. ಟ್ಯಾಂಕಿನ ಲೈನಿಗೆ ಯಾವತ್ತೂ ಬೇಡ, ಊರಿಗೆ ಹೋಗುವಾಗಲಂತೂ ಬೇಡವೇ ಬೇಡ.

ಗಿಡ ಇಡುವ ಮೊದಲು ಬರೀ ನೀರು ಹಾಕಿ ಎರಡು ದಿನ ಓಡಿಸಿ. ಮಾರ್ಕರಿನಲ್ಲಿ ಪ್ರತಿ ಬಕೆಟ್ಟಿನ ಮಟ್ಟಕ್ಕೆ ಗೆರೆ ಹಾಕಿ, ಪಂಪು ನಿಲ್ಲಿಸಿ, ಮತ್ತೆ ನೋಡಿ. ಆಮೇಲೆ ನನ್ನ ಬಟ್ಟೆ ಪರೀಕ್ಷೆ: ರಿಟರ್ನ್ ಪೈಪಿನ ಬಾಯಿಗೆ ಹಳೇ ಬನಿಯನ್ ತುರುಕಿ, ಪಂಪು ಹಾಕಿ, ಕುರ್ಚಿ ಎಳೆದುಕೊಂಡು ಮುಂದೆ ಕೂರಿ. ನೀರು ಎಲ್ಲಿ ಉಕ್ಕುತ್ತದೆ, ಎಷ್ಟು ನಿಮಿಷಕ್ಕೆ ಉಕ್ಕುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ಉಕ್ಕುವ ಬಕೆಟ್ಟಿಗೆ ನೆಟ್ ಪಾಟಿಗಿಂತ ಎರಡು ಬೆರಳು ಕೆಳಗೆ ಒಂದು ಓವರ್‌ಫ್ಲೋ ತೂತು ಕೊರೆದು, ಪೈಪನ್ನು ಬಚ್ಚಲಿಗೆ ಬಿಡಿ. ಈ ಪರೀಕ್ಷೆಗೆ ಮನೆಯವರು ನಗುತ್ತಾರೆ. ನಗಲಿ.

ಇನ್ನು ಜಾಗ. 20 ಲೀಟರ್ ಪೇಂಟ್ ಬಕೆಟ್ಟಿನ ಅಗಲ ಸುಮಾರು 30 ಸೆಂಟಿಮೀಟರ್. ನಾಲ್ಕು ಸಾಲಾಗಿ ಇಟ್ಟರೆ ಟೆಂಟಿನ 120 ಅಲ್ಲೇ ಮುಗಿಯಿತು, ಪೈಪು ಎಲ್ಲಿ ಹೋಗಬೇಕು? ಎರಡು ಬಕೆಟ್ ಒಳಗಿಡಿ, ರಿಸರ್ವಾಯರ್ ಹೊರಗಿಡಿ, ಅದೂ 40 ಲೀಟರಿಗೆ ಕಡಿಮೆ ಬೇಡ. 15 ಲೀಟರ್ ಇಟ್ಟರೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಇಸಿ (ನೀರಿನಲ್ಲಿ ಕರಗಿದ ಗೊಬ್ಬರ ಎಷ್ಟಿದೆ ಅಂತ ತೋರಿಸುವ ಅಳತೆ) ಹಿಂದೆ ದಿನಾ ಓಡುತ್ತಲೇ ಇರಬೇಕು. ಹೊರಗಿದ್ದರೆ ಲೈಟಿನ ಶಾಖವೂ ತಾಗುವುದಿಲ್ಲ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಗೆ ಏಳೂವರೆ. ಬೇರು ಕೊಳೆಸುವ ಪಿಥಿಯಂ ಬರುವುದು ಅಂಥ ಬೆಚ್ಚಗಿನ ನೀರಿಗೇ. ನೀರು ತಂಪು ಮಾಡುವ ಚಿಲ್ಲರ್ ಕೊಳ್ಳುವ ಮೊದಲು ಲೈಟನ್ನು ರಾತ್ರಿಯ ತಂಪಿನಲ್ಲಿ, ಸಂಜೆ ಆರರಿಂದ ಬೆಳಗ್ಗೆ ಹತ್ತರವರೆಗೆ ಹಾಕಿ ನೋಡಿ. ಏಪ್ರಿಲ್‌ನಲ್ಲಿ ನಾನು ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯನ್ನು ರಿಸರ್ವಾಯರಿನಲ್ಲಿ ಇಳಿಬಿಡುತ್ತೇನೆ, ಮಧ್ಯಾಹ್ನ ಒಂದು, ಸಂಜೆ ಒಂದು. ಹುಬ್ಬಳ್ಳಿ, ರಾಯಚೂರು ಕಡೆಯವರು ಇದನ್ನು ಓದಿ ಬಾಟಲಿ ಹಾಕಿ ಕೂರಬೇಡಿ, ಅಲ್ಲಿ ಬೇಸಿಗೆಗೆ ಇದು ಸಾಲದು.

ಟೊಮೆಟೊ, ಲೆಟ್ಯೂಸ್ ಒಂದೇ ನೀರಿನಲ್ಲಿ ಬೇಡ. ಲೆಟ್ಯೂಸಿಗೆ ಇಸಿ 0.8ರಿಂದ 1.2 ಸಾಕು, ಟೊಮೆಟೊಗೆ 2ರ ಮೇಲೆ ಬೇಕು. ನಡುವೆ ಇಟ್ಟರೆ ಇಬ್ಬರಿಗೂ ಅರೆಹೊಟ್ಟೆ. ಇಸಿಯಲ್ಲೇ ಮಾತಾಡಿ, ಪಿಪಿಎಂ ಬೇಡ. ಒಂದು ಮೀಟರು ಇಸಿ 1ಕ್ಕೆ 500 ತೋರಿಸುತ್ತದೆ, ಇನ್ನೊಂದು 700, ಗುಂಪಿನಲ್ಲಿ ಅರ್ಧ ಜಗಳ ಇದೇ.

19:19:19 ಗೊಬ್ಬರ ಹಾಕುತ್ತೇನೆ ಅಂದಿದ್ದೀರಿ. ದಯವಿಟ್ಟು ಬೇಡ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಸಾರಜನಕದ ಬಹುಪಾಲು ಯೂರಿಯಾ. ಹೊಲದ ಮಣ್ಣಿನಲ್ಲಿ ಅದನ್ನು ಗಿಡಕ್ಕೆ ಸಿಗುವ ಹಾಗೆ ಬದಲಾಯಿಸುವ ಸೂಕ್ಷ್ಮಜೀವಿ ಇವೆ, ನಿಮ್ಮ ಹೊಸ ಬಕೆಟ್ಟಿನಲ್ಲಿ ಇಲ್ಲ. ನಾನು ಮಾಸ್ಟರ್‌ಬ್ಲೆಂಡ್ 4-18-38 ಪುಡಿ ಗೊಬ್ಬರ, ಯಾರಾದ ಕ್ಯಾಲ್ಸಿಯಂ ನೈಟ್ರೇಟ್, ಎಪ್ಸಂ ಉಪ್ಪು ಬಳಸುತ್ತೇನೆ. 10 ಲೀಟರಿಗೆ ಇದೇ ಕ್ರಮದಲ್ಲಿ 6, 6, 3 ಗ್ರಾಂ. ಅದು ಪೂರ್ತಿ ಡೋಸು, ಸೊಪ್ಪಿಗೆ ಅರ್ಧದಿಂದ ಶುರು ಮಾಡಿ. ಮೊದಲು ಮಾಸ್ಟರ್‌ಬ್ಲೆಂಡ್ ಕರಗಿಸಿ, ಆಮೇಲೆ ಎಪ್ಸಂ, ಕೊನೆಗೆ ಕ್ಯಾಲ್ಸಿಯಂ. ಒಣ ಪುಡಿ ಮೂರನ್ನೂ ಒಂದೇ ಲೋಟದಲ್ಲಿ ಕಲಸಿದರೆ ತಳದಲ್ಲಿ ಬಿಳಿ ಮಡ್ಡಿ ಕೂರುತ್ತದೆ, ಅದು ಗಿಡಕ್ಕೆ ಸಿಗದ ಜಿಪ್ಸಂ. ಬೋರ್‌ವೆಲ್ ನೀರಾದರೆ ಮೊದಲು ಅದರ ಇಸಿ ನೋಡಿ. ಏನೂ ಹಾಕುವ ಮೊದಲೇ 1 ತೋರಿಸಿದರೆ ಆರ್‌ಒ ನೀರು ಬೆರೆಸದೆ ದಾರಿ ಇಲ್ಲ.

ಪಿಎಚ್ ಅಳೆಯುವ ಪೆನ್ನು: ಬ್ಲೂಲ್ಯಾಬ್ ಕಂಪನಿಯದು ಒಳ್ಳೆಯದು, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನನಗೆ ಹನ್ನಾ ಕಂಪನಿಯದು ಸಾಕಾಗಿದೆ. ಯಾವುದೇ ಇರಲಿ, ತುದಿಯನ್ನು ಆರ್‌ಒ ನೀರಿನಲ್ಲಿ ನೆನೆಸಿ ಇಡಬೇಡಿ, ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ದ್ರಾವಣದಲ್ಲಿಡಿ. ಪಿಎಚ್ ಇಳಿಸಲು ನಿಂಬೆಹಣ್ಣು ಹಿಂಡುವವರಿಗೆ ಕೈಮುಗಿಯುತ್ತೇನೆ. ಇವತ್ತು ಪಿಎಚ್ 6ಕ್ಕೆ ಇಳಿದರೆ ಮಾರನೇ ದಿನ ಮತ್ತೆ 7. ಫಾಸ್ಫಾರಿಕ್ ಆಸಿಡ್ ತನ್ನಿ, ಗ್ಲೌಸ್ ಹಾಕಿಕೊಳ್ಳಿ.

ನೆಟ್ ಪಾಟಿಗೆ ಕೋಕೋಪೀಟ್ ಬೇಡ, ಪುಡಿ ಪಂಪಿಗೆ ಹೋಗುತ್ತದೆ. ಲೆಕಾ ಬಾಲ್ (ಸುಟ್ಟ ಜೇಡಿಮಣ್ಣಿನ ಹಗುರ ಗುಂಡು) ತೊಳೆದು ಹಾಕಿ. ನೀರಿಗೆ ಗಾಳಿ ಊದುವ ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ನೇತುಹಾಕಿ, ಇಲ್ಲದಿದ್ದರೆ ಕರೆಂಟು ಹೋದಾಗ ನೀರು ಟ್ಯೂಬಿನಲ್ಲಿ ವಾಪಸ್ ಬರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡು ನೆಲದ ಮೇಲೆ ಇರಕೂಡದು. ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಮನೆಯಲ್ಲಿ ಇದೆಯಾ ಅಂತ ಇವತ್ತೇ ನೋಡಿ, ಇದು ತಮಾಷೆಯಲ್ಲ.

ಪುದೀನ ಬಾಲ್ಕನಿಯ ಕುಂಡದಲ್ಲಿ ಇರಲಿ.

ಬಕೆಟ್ಟಿಗೆ ತೂತು ಕೊರೆಯುವ ಮೊದಲು ನಿಪ್ಪಲ್ ಕೊಂಡು ತಂದು, ಅದರ ಥ್ರೆಡ್ಡಿನ ಹೊರ ಅಳತೆಗೆ ಹೋಲ್ ಸಾ (ಡ್ರಿಲ್ಲಿಗೆ ಹಾಕುವ ದುಂಡು ಗರಗಸ) ಆರಿಸಿ. 63 ಎಂಎಂ ಪೈಪಿಗೆ 63ರ ಹೋಲ್ ಸಾ ಅಂದುಕೊಂಡು ನಾನು ಎರಡು ಬಕೆಟ್ ಹಾಳು ಮಾಡಿದ್ದೇನೆ. ವಿಜಯನಗರ ಕಡೆ ಬಂದರೆ ನನ್ನ ಹತ್ತಿರ ಸೆಟ್ ಇದೆ, ತಗೊಂಡು ಹೋಗಿ. ವಾಪಸ್ ಕೊಡಿ ಅಷ್ಟೇ. ಹೋದ ವರ್ಷ ಈ ಗುಂಪಿನಿಂದಲೇ ಒಬ್ಬರು ಒಯ್ದ ಡ್ರಿಲ್ ಇನ್ನೂ ಬಂದಿಲ್ಲ. ಅವರು ಇದನ್ನು ಓದುತ್ತಿದ್ದಾರೆ ಅಂತ ನನಗೆ ಗೊತ್ತು.