‘ಎಲ್ಲರಿಗೂ ಮೆಡಿಕೇರ್’ ಬಂದರೆ ಕಚೇರಿಯ ವಿಮೆ ಏನಾಗುತ್ತದೆ?

ಅಮೆರಿಕದ ಮಿಶಿಗನ್‌ ರಾಜ್ಯದ ರಾಜಕಾರಣಿ ಶ್ರೀ ಥಾನೇದಾರ್ ‘ಎಲ್ಲರಿಗೂ ಮೆಡಿಕೇರ್’ (ಎಲ್ಲರಿಗೂ ಸರ್ಕಾರದ ಆರೋಗ್ಯ ವಿಮೆ) ಯೋಜನೆಯ ಪರವೇ, ಅದು ಬಂದರೆ ಕಚೇರಿ ಕೊಡುವ ವಿಮೆ ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಚಿಕ್ಕೋಡಿಯಲ್ಲಿ ಹುಟ್ಟಿದ ಇವರು 2018ರಲ್ಲಿ ಗವರ್ನರ್ ಹುದ್ದೆಗೆ ಟಿಕೆಟ್ ಕೇಳಿದಾಗಲೇ ಸರ್ಕಾರವೇ ಎಲ್ಲರ ಆಸ್ಪತ್ರೆ ಬಿಲ್ ಕಟ್ಟಬೇಕು ಎಂದವರು. ಎರಡನೆಯ ಪ್ರಶ್ನೆಗೆ ಭಾಷಣಕ್ಕಿಂತ ಅಮೆರಿಕದ ಸಂಸದೆ ಪ್ರಮೀಳಾ ಜಯಪಾಲ್ ಈ ಯೋಜನೆಗಾಗಿ ಮಂಡಿಸಿದ ಮಸೂದೆಯನ್ನು ನೋಡಿ. ಅದು ಕೊಡುವ ಸೌಲಭ್ಯವನ್ನೇ ಖಾಸಗಿ ಕಂಪನಿ ಮತ್ತೆ ಮಾರುವಂತಿಲ್ಲ. ಹಾಗಾಗಿ ಈಗಿನ ರೂಪದಲ್ಲಿ ನಿಮ್ಮ ವಿಮೆ ಉಳಿಯುವುದಿಲ್ಲ. ಹೆಚ್ಚುವರಿ ಸೌಲಭ್ಯಕ್ಕೆ ಮಾತ್ರ ಅವಕಾಶವಿದೆ. ಬದಲಿಗೆ ಹಲ್ಲು, ಕಣ್ಣು, ಕಿವಿಯ ಚಿಕಿತ್ಸೆಯೂ ಸೇರುತ್ತದೆ. ವೈದ್ಯರ ಕೌಂಟರಿನಲ್ಲಿ ನಿಂತು ನಮ್ಮ ಪಾಲಿನ ಡಾಲರ್ ಎಣಿಸುವುದು ತಪ್ಪುತ್ತದೆ (ನನಗೆ ಅದೇ ದೊಡ್ಡ ನೆಮ್ಮದಿ). ಆದರೆ ಯಾವ ತೆರಿಗೆ ಎಷ್ಟು ಏರಬೇಕೆಂದು ಮಸೂದೆ ಬರೆದಿಲ್ಲ. ಥಾನೇದಾರ್ ಅವರ ಸಭೆಗೆ ಹೋದರೆ ಅದನ್ನೇ ಕೇಳಿ.