ಪಾಮ್ ಮರಿ ಎಷ್ಟು ದೊಡ್ಡದಾಗುತ್ತದೆ?

ಮೂರು ತಿಂಗಳ ಪಾಮ್ (ಪಾಮರೇನಿಯನ್ ನಾಯಿ) ಮರಿ 1.5 ಕೆಜಿ ಇದೆ, ಎಷ್ಟು ಬೆಳೆಯುತ್ತದೆ, ತೋಟದ ಮನೆಯಲ್ಲಿರುವ ಆರು ವರ್ಷದ ಡ್ಯಾಶ್‌ಹಂಡ್ ನಾಯಿ ಜೊತೆ ಹೊಂದಿಕೊಳ್ಳುತ್ತದಾ ಅಂತ ಕೇಳಿದ್ದೀರಿ.

ಪುಟ್ಟ ತಳಿಗಳಲ್ಲಿ 12 ವಾರದ ತೂಕದ ಎರಡು ಪಟ್ಟು, ಹೆಚ್ಚುಕಮ್ಮಿ ಅಷ್ಟೇ ಕೊನೆಯ ತೂಕ. ಅಂದರೆ 3 ಕೆಜಿ ಆಸುಪಾಸು. ಆದರೆ ವಯಸ್ಸು ಮಾರಿದವರು ಹೇಳಿದ್ದು ಅಲ್ವಾ? ಬಾಯಿ ತೆರೆದು ನೋಡಿ, ಮುಂದಿನ ಹಾಲುಹಲ್ಲು ಉದುರಿ ಅಗಲದ ಹೊಸ ಹಲ್ಲು ಬರುತ್ತಿದ್ದರೆ ನಾಲ್ಕು ತಿಂಗಳ ಹತ್ತಿರ ಬಂದಿರಬಹುದು, ಆಗ ಲೆಕ್ಕ ಇನ್ನೂ ಕೆಳಗಿಳಿಯುತ್ತದೆ. ಇನ್ನೊಂದು, ನಮ್ಮಲ್ಲಿ ಪಾಮ್ ಅಂತ ಕರೆಯುವ ಎಷ್ಟೋ ನಾಯಿಗಳು ನಿಜಕ್ಕೂ ಇಂಡಿಯನ್ ಸ್ಪಿಟ್ಜ್. ಅದು 5–7 ಕೆಜಿ ಆರಾಮಾಗಿ ಆಗುತ್ತದೆ. ಮೂತಿ, ಕಾಲು ಉದ್ದ ಇದ್ದರೆ ಅದೇ ಅಂದುಕೊಳ್ಳಿ. ತೀರಾ ಪುಟ್ಟ ನಾಯಿಗೆ ‘ಟೀಕಪ್’ ಅನ್ನುವುದು ಸುಮ್ನೆ ವ್ಯಾಪಾರದ ಹೆಸರು, ಅಂಥ ತಳಿಯೇ ಇಲ್ಲ. ಒಂದು ವರ್ಷದೊಳಗೆ ಬೆಳವಣಿಗೆ ನಿಲ್ಲುತ್ತದೆ.

ಡ್ಯಾಶ್‌ಹಂಡ್ ವಿಷಯ: ಮೊದಲ ಭೇಟಿ ಅಂಗಳದಲ್ಲಿ ಮಾಡಿಸಿ, ಅದರ ಹಾಸಿಗೆ ಹತ್ತಿರ ಬೇಡ. ಊಟದ ತಟ್ಟೆ ಬೇರೆ ಬೇರೆ ಮೂಲೆಯಲ್ಲಿರಲಿ. ದೊಡ್ಡದು ಗುರ್ ಅಂದರೆ ಬೈಯಬೇಡಿ, ಮರಿಯನ್ನು ಎತ್ತಿಕೊಂಡು ಹೋಗಿ ಸಾಕು. ಬೈದರೆ ಮುಂದಿನ ಸಲ ಗುರ್ ಅನ್ನದೆ ನೇರ ಕಚ್ಚಬಹುದು. ಮರಿಯ ಜೊತೆ ಆಡುತ್ತಾ ಸೋಫಾದಿಂದ ಹಾರುವುದನ್ನೂ ತಪ್ಪಿಸಿ, ಡ್ಯಾಶ್‌ಹಂಡ್ ಬೆನ್ನು ಬಹಳ ಸೂಕ್ಷ್ಮ.

ಮರಿಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಿ, ಹೊಟ್ಟೆ ಖಾಲಿಯಾದರೆ ಸಕ್ಕರೆ ಅಂಶ ಇಳಿದು ತೂರಾಡುತ್ತದೆ. ತೋಟದ ಮನೆ ಅಂದಿರಲ್ಲ, ಕತ್ತಲಾದ ಮೇಲೆ ಎರಡನ್ನೂ ಒಳಗೇ ಇಟ್ಟುಕೊಳ್ಳಿ, ಚಿರತೆಗೆ ದೊಡ್ಡ ನಾಯಿಯೇ ಲೆಕ್ಕಕ್ಕಿಲ್ಲ.