ಹೋದ ಮಗುವಿನ ದುಃಖ, ಬರುವ ಮಗುವಿನ ಭಯ

ಪ್ರಶ್ನೆ: ಹೋದ ವರ್ಷ ಐದನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಈಗ ಮತ್ತೆ ನಾಲ್ಕು ತಿಂಗಳು. ದಿನಕ್ಕೆ ಆರೇಳು ಸಲ ಮನೆಯಲ್ಲೇ ಡಾಪ್ಲರ್ ಇಟ್ಟು ಎದೆಬಡಿತ ಕೇಳುತ್ತೇನೆ, ಆದರೂ ಸಮಾಧಾನವಿಲ್ಲ. ಅತ್ತೆಯವರು ‘ಅಳಬೇಡಮ್ಮ, ಕೂಸಿಗೆ ತಾಗುತ್ತೆ’ ಅನ್ನುತ್ತಾರೆ. ಡಾಕ್ಟರು ಕೌನ್ಸೆಲಿಂಗ್‌ಗೆ ಹೋಗಿ ಅಂದಿದ್ದಾರೆ. ಬರೀ ಮಾತಿನಿಂದ ಏನಾಗುತ್ತದೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅತ್ತರೆ ಕೂಸಿಗೆ ಏನೂ ಆಗುವುದಿಲ್ಲ. ಇದನ್ನು ಅತ್ತೆಯವರಿಗೂ ಓದಿ ಹೇಳಿ.

ಮೊದಲು ಡಾಪ್ಲರ್ ವಿಷಯ. ಕೂಸಿನ ಎದೆಬಡಿತ ನಿಮಿಷಕ್ಕೆ ಸುಮಾರು 110ರಿಂದ 160. ಗಾಬರಿಯಾದಾಗ ನಿಮ್ಮ ನಾಡಿಯೇ 110 ದಾಟಬಹುದು. ಆಗ ಕೇಳಿಸಿದ್ದು ಯಾರದೆಂದು ಮನೆಯಲ್ಲಿ ಹೇಳುವುದು ಕಷ್ಟ. ಕೂಸು ಮಗ್ಗುಲು ಬದಲಿಸಿದರೆ ಸದ್ದೇ ಸಿಗದು. ಸಿಕ್ಕರೂ ಸಮಾಧಾನ ಸ್ವಲ್ಪ ಹೊತ್ತು ಮಾತ್ರ. ‘ನೋಡುತ್ತಿರುವುದಕ್ಕೇ ಉಳಿದಿದೆ’ ಎಂದು ಮನಸ್ಸು ನಂಬಿಬಿಡುತ್ತದೆ. ಭಯ ಬೆಳೆಯುವುದು ಇಲ್ಲೇ.

ಸಿಬಿಟಿ ಎಂಬ ಚಿಕಿತ್ಸೆ, ಅಂದರೆ ಯೋಚನೆಯನ್ನೂ ಅಭ್ಯಾಸವನ್ನೂ ಮಾತಿನ ಮೂಲಕ ತಿದ್ದುವ ಚಿಕಿತ್ಸೆ, ಈ ಸುತ್ತನ್ನು ಬಿಡಿಸುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲರಿಂದ ಒಂದು ಗಂಟೆ, 8ರಿಂದ 12 ಸಲ. ಕೇಳಬೇಕೆನಿಸಿದಾಗ ಭಯಕ್ಕೆ 0ಯಿಂದ 10ರೊಳಗೆ ಅಂಕ ಬರೆದು 15 ನಿಮಿಷ ತಡೆಯುತ್ತೀರಿ, ಮತ್ತೆ ಅಂಕ ಬರೆಯುತ್ತೀರಿ. ದಿನಕ್ಕೆ ಆರು ಸಲ ಕೇಳುತ್ತಿದ್ದದ್ದು ನಾಲ್ಕಾಗುತ್ತದೆ, ನಾಲ್ಕು ಎರಡಾಗುತ್ತದೆ. ಒಂದೇ ದಿನದಲ್ಲಿ ಪೂರ್ತಿ ಬಿಡಲು ಹೊರಟವರು ಸೋಲುವುದುಂಟು. ಇನ್ನೊಂದು ಎಡವಟ್ಟು: ಡಾಪ್ಲರ್ ಬಿಟ್ಟು, ಯಜಮಾನರನ್ನು ಗಂಟೆಗೊಮ್ಮೆ ‘ಏನೂ ಆಗಲ್ಲ ಅಲ್ವಾ?’ ಎಂದು ಕೇಳುವುದು. ಅದೂ ಅದೇ ಚಟ.

ಹೋದ ಮಗುವಿನ ಬಗ್ಗೆಯೂ ಅಲ್ಲಿ ಮಾತಾಡುತ್ತೀರಿ: ಸ್ಕ್ಯಾನ್ ಕೋಣೆಯ ಮೌನ, ಹೊಟ್ಟೆಗೆ ಹಚ್ಚಿದ ತಣ್ಣನೆ ಜೆಲ್, ಎಲ್ಲ. ಮುಂದಿನ ದೊಡ್ಡ ಸ್ಕ್ಯಾನ್ 18ರಿಂದ 20ನೇ ವಾರದಲ್ಲಿ. ಅದಕ್ಕೆ ಮುಂಚೆಯೇ ಚಿಕಿತ್ಸೆ ಶುರು ಮಾಡಿ. ಫೈಲಿನ ಮೇಲೆ ‘ಹಿಂದೆ ಮಗು ತೀರಿಹೋಗಿದೆ’ ಎಂದು ದೊಡ್ಡದಾಗಿ ಬರೆಸಿ, ‘ಇದು ಮೊದಲನೆಯದಾ?’ ಎಂಬ ಪ್ರಶ್ನೆ ತಪ್ಪುತ್ತದೆ. ಎದೆಬಡಿತವನ್ನು ಮೊದಲು ಹೇಳಿ ಎಂದು ಡಾಕ್ಟರನ್ನು ಕೇಳಿಕೊಳ್ಳಿ.

ಬಸುರಿ, ಬಾಣಂತಿಯರ ಖಿನ್ನತೆ ಅಳೆಯುವ ಎಡಿನ್‌ಬರೋ ಪ್ರಶ್ನಾವಳಿಯನ್ನು ನಿಮ್ಮ ಪ್ರಸೂತಿ ಡಾಕ್ಟರೇ ಕೊಡಬಹುದು. ಹತ್ತು ಪ್ರಶ್ನೆಗಳು, ಕಳೆದ 7 ದಿನಗಳ ಬಗ್ಗೆ. ಒಟ್ಟು 30ರಲ್ಲಿ 13 ಅಥವಾ ಹೆಚ್ಚು ಅಂಕ ಬಂದರೆ ಮನೋವೈದ್ಯರನ್ನು ಕಾಣಿ. ಸಾಯಬೇಕೆನಿಸಿದರೆ ಅಂಕಕ್ಕೆ ಕಾಯಬೇಡಿ, ಅಂದೇ ಹೋಗಿ. ಈಗಾಗಲೇ ಮನಸ್ಸಿನ ತೊಂದರೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ.

ಮುಂಬೈಯಲ್ಲಿ ಮರಾಠಿ, ಹಿಂದಿ ಸಾಕು ಅನಿಸಬಹುದು. ಆದರೆ ಈ ದುಃಖ ತಾಯ್ನುಡಿಯಲ್ಲೇ ಬಾಯಿಗೆ ಬರುವುದು. ಕನ್ನಡ ಬಲ್ಲವರನ್ನೇ ಕೇಳಿ. ಬೆಂಗಳೂರಿನವರ ಜೊತೆ ವಿಡಿಯೋ ಕರೆಯಲ್ಲೂ ಚಿಕಿತ್ಸೆ ಆಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ರಕ್ತ ಕಂಡರೆ, ನೀರು ಹೋದರೆ, ಹೊಟ್ಟೆನೋವು ಬಿಡದಿದ್ದರೆ, ಮುಂದೆ ಕೂಸಿನ ಆಡುವಿಕೆ ಕಡಿಮೆಯಾದರೆ ಡಾಪ್ಲರ್ ಹುಡುಕುತ್ತ ಕೂರದೆ ನೇರ ಆಸ್ಪತ್ರೆಗೆ ಹೊರಡಿ, ನಡುರಾತ್ರಿಯಾದರೂ ಸರಿ.